ಕೀ ಕಳೆದಾಗ ಮೊದಲ ಪ್ರಶ್ನೆ: ಇನ್ನೊಂದು ಎಲ್ಲಿದೆ?

ಓದುಗರ ಪ್ರಶ್ನೆ: ದ್ವಿಚಕ್ರ ವಾಹನ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ್ದೆಲ್ಲ ಹೆಚ್ಚುಕಡಿಮೆ ಒಂದೇ ವಿಷಯ. ಕೀ ಕಳೆದಿದೆ, ಶೋರೂಮಿನವರು ಹೇಳುವ ಖರ್ಚು ಸರಿಯೇ, ಹೊರಗೆ ಮಾಡಿಸಬಹುದೇ? ಪ್ರಶ್ನೆಗಳನ್ನು ಚಿಕ್ಕದಾಗಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಸ್ಕೂಟರಿನದು ಸ್ಮಾರ್ಟ್ ಕೀ. ಒಂದು ಕಳೆದುಹೋಯಿತು, ಇನ್ನೊಂದು ಮನೆಯಲ್ಲಿದೆ. ಆನ್‌ಲೈನ್‌ನಲ್ಲಿ ಅದೇ ಥರದ್ದು ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನು ತರಿಸಿಕೊಂಡರೆ ನಡೆಯುತ್ತದೆಯೇ? (ವಿದ್ಯಾನಗರ, ದಾವಣಗೆರೆ)

ಉತ್ತರ: ತರಿಸಬೇಡಿ. 2023ರ ಜನವರಿಯಲ್ಲಿ ಬಂದ ಆ್ಯಕ್ಟಿವಾ ಎಚ್-ಸ್ಮಾರ್ಟ್‌ನಂಥ ಗಾಡಿಗಳಲ್ಲಿ ಕೀಲಿಯ ಹಲ್ಲಿಗೆ ಕೆಲಸವಿಲ್ಲ. ನೀವು ಇಗ್ನಿಷನ್ ಜಾಗದಲ್ಲಿರುವ ನಾಬ್ (ತಿರುಗಿಸುವ ಗುಂಡಿ) ಒತ್ತಿದಾಗ ಗಾಡಿ ಒಂದು ಸಣ್ಣ ರೇಡಿಯೋ ಸಂಕೇತ ಬಿಡುತ್ತದೆ. ಸುಮಾರು ಎರಡು ಮೀಟರ್ ಒಳಗೆ ಸ್ಮಾರ್ಟ್ ಕೀ ಇದ್ದರೆ ಅದು ತನ್ನ ಗುರುತನ್ನು ವಾಪಸ್ ಕಳಿಸುತ್ತದೆ. ಆ ಗುರುತು ಗಾಡಿಯ ಕಂಟ್ರೋಲ್ ಯೂನಿಟ್‌ನ ಪಟ್ಟಿಯಲ್ಲಿದ್ದರೆ ಮಾತ್ರ ಲಾಕ್ ಬಿಡುತ್ತದೆ, ಎಂಜಿನ್ ಶುರುವಾಗುತ್ತದೆ. ಹಾಗಾಗಿ ಹೊಸ ಕೀಯನ್ನು ಆ ಪಟ್ಟಿಗೆ ಸೇರಿಸಲೇಬೇಕು. ಅದಕ್ಕೆ ಕಂಪನಿಯ ಸ್ಕ್ಯಾನ್ ಟೂಲ್ ಬೇಕು, ಗಾಡಿಯೂ ಅಲ್ಲೇ ಇರಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಖಾಲಿ ಪ್ಲಾಸ್ಟಿಕ್ ಚಿಪ್ಪು. ಇಲ್ಲದಿದ್ದರೆ ಬೇರೆ ಗಾಡಿಗೆ ಒಮ್ಮೆ ನೋಂದಾಯಿಸಿದ ಹಳೆಯದು, ಅದು ಬಹುತೇಕ ವ್ಯವಸ್ಥೆಗಳಲ್ಲಿ ಮತ್ತೆ ನೋಂದಣಿ ಆಗುವುದಿಲ್ಲ. ನಿಮ್ಮ ಕೀಯ ಹೊರಕವಚ ಒಡೆದು ಒಳಗಿನ ಬೋರ್ಡ್ ಚೆನ್ನಾಗಿದ್ದರೆ ಆ ಚಿಪ್ಪು ಉಪಯೋಗಕ್ಕೆ ಬಂದೀತು. ಕಳೆದ ಕೀಗೆ ಅದು ಪರಿಹಾರವಲ್ಲ.

ಒಂದು ಕೀ ಉಳಿದಿರುವುದು ನಿಮ್ಮ ಅದೃಷ್ಟ, ಖರ್ಚಿನ ಅಂತರವೆಲ್ಲ ಇರುವುದು ಅಲ್ಲೇ. ಕೆಲಸ ಮಾಡುವ ಕೀ ಒಂದಾದರೂ ಇದ್ದರೆ ಹೊಸದನ್ನು ಸೇರಿಸುವುದು ಸುಲಭ: ಕೀಯ ಬೆಲೆ, ನೋಂದಣಿಯ ಲೇಬರ್, ಅಷ್ಟೇ. ಎರಡೂ ಹೋದರೆ ಹಲವು ಮಾದರಿಗಳಲ್ಲಿ ಕಂಟ್ರೋಲ್ ಯೂನಿಟ್ಟನ್ನೇ ಬದಲಿಸಬೇಕಾಗುತ್ತದೆ. ಆಗ ಬಿಲ್ಲು ಹಲವು ಪಟ್ಟು ಏರುತ್ತದೆ, ಭಾಗ ಬರುವವರೆಗೆ ಗಾಡಿ ಶೆಡ್ಡಿನಲ್ಲೇ ನಿಲ್ಲುತ್ತದೆ. ಆದ್ದರಿಂದ 'ಒಂದಿದೆಯಲ್ಲ, ಮುಂದೆ ನೋಡೋಣ' ಎಂದು ಬಿಡದೆ ಈ ವಾರವೇ ಮಾಡಿಸಿ.

ಹೋಗುವ ಮುಂಚೆ ಫೋನ್ ಮಾಡಿ ಕೀಯ ಪಾರ್ಟ್ ನಂಬರ್, ಎಂಆರ್‌ಪಿ, ಸ್ಟಾಕ್ ಇದೆಯೇ, ಇಲ್ಲದಿದ್ದರೆ ಎಷ್ಟು ದಿನ, ನೋಂದಣಿಯ ಲೇಬರ್ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆರ್‌ಸಿ, ನಿಮ್ಮ ಗುರುತಿನ ಚೀಟಿ, ಹೊಸ ಗಾಡಿಯ ಜತೆ ಕೊಟ್ಟ ಗುರುತಿನ ಸಂಖ್ಯೆಯ ಟ್ಯಾಗ್ ಇದ್ದರೆ ಅದು, ಇವನ್ನು ಒಯ್ಯಿರಿ. ಆರ್‌ಸಿ ಡಿಜಿಲಾಕರ್‌ನಲ್ಲಿದ್ದರೂ ಸಾಕು. ಮುಖ್ಯವಾಗಿ, ಉಳಿದಿರುವ ಎಲ್ಲ ಕೀಗಳೂ ಜತೆಗಿರಲಿ. ಹಲವು ವ್ಯವಸ್ಥೆಗಳಲ್ಲಿ ಹೊಸ ನೋಂದಣಿಯ ಹೊತ್ತಿಗೆ ಹಳೆಯ ಪಟ್ಟಿ ಅಳಿಸಿಹೋಗುತ್ತದೆ, ಎದುರಿಗಿಲ್ಲದ ಕೀ ಹೊರಗುಳಿಯುತ್ತದೆ. ಇದರಿಂದ ಲಾಭವೂ ಉಂಟು: ಕಳೆದ ಕೀ ಯಾರ ಕೈಗೆ ಸಿಕ್ಕಿದರೂ ನಿಮ್ಮ ಗಾಡಿ ಅದಕ್ಕೆ ಓಗೊಡುವುದಿಲ್ಲ. 'ಕಳೆದದ್ದನ್ನು ಪಟ್ಟಿಯಿಂದ ತೆಗೆಯಿರಿ' ಎಂದು ಜಾಬ್ ಕಾರ್ಡಿನಲ್ಲೇ, ಅಂದರೆ ಮಾಡಬೇಕಾದ ಕೆಲಸ ಬರೆದುಕೊಳ್ಳುವ ಚೀಟಿಯಲ್ಲೇ, ಬರೆಸಿ. ಅಲ್ಲಿಂದ ಹೊರಡುವ ಮುಂಚೆ ಎರಡೂ ಕೀಗಳಲ್ಲಿ ಒಂದೊಂದಾಗಿ, ಇನ್ನೊಂದನ್ನು ದೂರ ಇಟ್ಟು, ಗಾಡಿ ಶುರು ಮಾಡಿ ನೋಡಿ. ಎರಡೂ ಜೇಬಿನಲ್ಲಿದ್ದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ.

ಪ್ರಶ್ನೆ: ನಾಯಕನಹಟ್ಟಿ ಜಾತ್ರೆಯಲ್ಲಿ ಬೈಕಿನ ಕೀ ಬಿದ್ದುಹೋಯಿತು. ಸಾದಾ ಕೀ. ಇನ್ನೊಂದು ಮೊದಲೇ ಇರಲಿಲ್ಲ. ಹ್ಯಾಂಡಲ್ ಲಾಕ್ ಆಗಿದೆ. ಲಾಕ್ ಸೆಟ್ಟನ್ನೇ ಹಾಕಿಸಬೇಕು ಅಂತಾರೆ. (ಜಗಳೂರು)

ಉತ್ತರ: ಮೊದಲು ಕೀ ನಂಬರ್ ಹುಡುಕಿ. ಹೊಸ ಬೈಕ್ ಕೊಡುವಾಗ ಕೀ ಗೊಂಚಲಿಗೆ ಒಂದು ಪುಟ್ಟ ಲೋಹದ ಬಿಲ್ಲೆ ಕಟ್ಟಿರುವುದುಂಟು, ಅದರ ಮೇಲೆ ನಂಬರ್ ಇರುತ್ತದೆ. ಕೆಲವು ಕಂಪನಿಗಳದು ಕೀಯ ಮೇಲೇ ಇರುತ್ತದೆ, ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಬರೆದಿಟ್ಟವರೂ ಇದ್ದಾರೆ. ಅದು ಸಿಕ್ಕರೆ ಡೀಲರ್ ಮೂಲಕ ಅದೇ ನಂಬರಿನ ಕೀ ತರಿಸಲು ಕೇಳಿ. ಲಾಕ್ ಸೆಟ್ಟಿನ ಮಾತೇ ಬೇಡ.

ನಂಬರ್ ಸಿಗದಿದ್ದರೆ ಅನುಭವಿ ಕೀ ಮಾಡುವವರನ್ನು ಬೈಕ್ ಇರುವಲ್ಲಿಗೆ ಕರೆಸಿ. ಲಾಕಿನೊಳಗೆ ಸ್ಪ್ರಿಂಗ್ ಮೇಲೆ ನಿಂತ ತೆಳು ಹಿತ್ತಾಳೆ ತಗಡುಗಳಿರುತ್ತವೆ. ಖಾಲಿ ಕೀ ತೂರಿಸಿ ಒತ್ತಿ ತಿರುಗಿಸಿದಾಗ ಅವು ಅದರ ಮೇಲೆ ಗೆರೆ ಮೂಡಿಸುತ್ತವೆ. ಗೆರೆ ಕಂಡಲ್ಲಿ ಅರದಿಂದ ಉಜ್ಜಿ, ಮತ್ತೆ ಹಾಕಿ, ಮತ್ತೆ ಉಜ್ಜಿ ಹಲ್ಲು ಕೂರಿಸುತ್ತಾರೆ. ಈ ಕೆಲಸವನ್ನು ಸೀಟ್ ಲಾಕ್ ಅಥವಾ ಪಕ್ಕದ ಕವರಿನ ಲಾಕಿನಲ್ಲಿ ಶುರು ಮಾಡಲು ಹೇಳಿ. ಕೆಟ್ಟರೂ ಅದು ಅಗ್ಗದ ಲಾಕ್. ಅದರಲ್ಲಿ ತಗಡುಗಳು ಕಡಿಮೆ ಇರುವುದುಂಟು, ಹಾಗಾಗಿ ಉಳಿದ ಹಲ್ಲುಗಳನ್ನು ಇಗ್ನಿಷನ್‌ನಲ್ಲಿ ಮುಗಿಸಬೇಕಾಗಬಹುದು. ಉಜ್ಜಿದ ಪುಡಿ ಒಳಗೆ ಉಳಿಯಬಾರದು, ಊದಿ ತೆಗೆಸಿ. ಆಮೇಲೆ ಎಂಜಿನ್ ಆಯಿಲ್ ಬಿಡಬೇಡಿ. ನಮ್ಮ ಕಡೆಯ ಧೂಳಿಗೆ ಅದು ಒಳಗೇ ಹೆಪ್ಪುಗಟ್ಟಿ ತಗಡುಗಳನ್ನು ಹಿಡಿದುಬಿಡುತ್ತದೆ. ಗ್ರಾಫೈಟ್ ಪುಡಿ ಒಳ್ಳೆಯದು.

ಕೆಲವು ಸ್ಕೂಟರುಗಳ ಇಗ್ನಿಷನ್ ಮೇಲೆ ಮುಚ್ಚುವ ಪರದೆ ಇರುತ್ತದೆ. ಅದನ್ನು ತೆಗೆಯುವುದು ಕೀಯ ತಲೆಯಲ್ಲಿರುವ ಸಣ್ಣ ಅಯಸ್ಕಾಂತಗಳು. ಹೊರಗೆ ಮಾಡಿಸಿದ ಕೀಗೆ ಹಲ್ಲು ಬಂದರೂ ಅಯಸ್ಕಾಂತ ಬರುವುದಿಲ್ಲ. ಅಂಥ ಗಾಡಿಯಲ್ಲಿ ಪರದೆ ಮುಚ್ಚಿದರೆ ಹೊಸ ಕೀ ಒಳಗೇ ಹೋಗದು.

ಹ್ಯಾಂಡಲನ್ನು ಬಲವಂತವಾಗಿ ಎಳೆದು ಲಾಕ್ ಮುರಿಯುವುದು, ಇಗ್ನಿಷನ್ ಕೆಳಗಿನ ವೈರ್ ಕತ್ತರಿಸಿ ನೇರ ಜೋಡಿಸುವುದು, ಇವೆರಡನ್ನೂ ಯಾರು ಹೇಳಿದರೂ ಮಾಡಬೇಡಿ. ಮೊದಲನೆಯದರಲ್ಲಿ ಲಾಕಿನ ಪಿನ್ ಕೂರುವ ಜಾಗವೇ ಸೀಳುತ್ತದೆ. ಎರಡನೆಯದರಲ್ಲಿ ಫ್ಯೂಸ್ ಹೋಗಬಹುದು, ವೈರಿಂಗ್ ಸುಡಬಹುದು, ವಾರಂಟಿಯಿದ್ದರೆ ಎಲೆಕ್ಟ್ರಿಕ್ ದೂರನ್ನು ತಳ್ಳಿಹಾಕಲು ಅದೇ ನೆವವಾಗುತ್ತದೆ. ಬೈಕನ್ನು ಊರಿಗೆ ತರಲೇಬೇಕಾದರೆ ಲಗೇಜ್ ಆಟೋದಲ್ಲಿ ಏರಿಸಿ. ಲಾಕ್ ಆದ ಮುಂದಿನ ಚಕ್ರವನ್ನು ತಳ್ಳದೆ ಎತ್ತಿ ಇಡಬೇಕು, ಮೂರು ಜನ ಬೇಕು.

ಕೀಯ ಜತೆ ವಿಳಾಸವಿರುವ ಆರ್‌ಸಿ ನಕಲೋ ಪರ್ಸೋ ಕಳೆದಿದ್ದರೆ ಮಾತ್ರ ನಾವೂ ಲಾಕ್ ಸೆಟ್ ಹಾಕಿಸಿ ಎನ್ನುತ್ತೇವೆ. ಇಗ್ನಿಷನ್, ಪೆಟ್ರೋಲ್ ಟ್ಯಾಂಕ್ ಮುಚ್ಚಳ, ಸೀಟ್ ಅಥವಾ ಕವರ್ ಲಾಕ್, ಎಲ್ಲಕ್ಕೂ ಒಂದೇ ಕೀ ಬರುವ ಪೂರ್ಣ ಸೆಟ್ ಕೇಳಿ. ಇಗ್ನಿಷನ್ ಒಂದನ್ನೇ ಬದಲಿಸಿದರೆ ಟ್ಯಾಂಕಿಗೆ ಹಳೆಯ ಕೀಯೇ ಬೇಕು, ಅದು ನಿಮ್ಮ ಬಳಿ ಇಲ್ಲ. ಲಾಕ್ ಬದಲಿಸಿದ್ದಕ್ಕೆ ಆರ್‌ಟಿಒಗೆ ಹೋಗಬೇಕಿಲ್ಲ.

ಪ್ರಶ್ನೆ: ಸ್ಮಾರ್ಟ್ ಕೀ ಹಾಕಿಸಲು ಸರ್ವಿಸ್ ಸೆಂಟರಿಗೆ ಬಿಟ್ಟೆ. ಬಿಲ್ಲಿನಲ್ಲಿ ಕೀಯ ಎಂಆರ್‌ಪಿ ಮೇಲೆ ಜಿಎಸ್‌ಟಿ, ಪ್ರೋಗ್ರಾಮಿಂಗ್, ಕನ್ಸ್ಯೂಮಬಲ್ಸ್, ಜತೆಗೆ ಜನರಲ್ ಸರ್ವಿಸ್ ಚಾರ್ಜ್ ಬಂದಿದೆ. ನಾನು ಸರ್ವಿಸ್ ಕೇಳಿರಲಿಲ್ಲ. ಯಾವುದು ನ್ಯಾಯ? (ಚಿತ್ರದುರ್ಗ)

ಉತ್ತರ: ಒಂದೊಂದೇ ಸಾಲು ನೋಡೋಣ.

ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಲೆಕ್ಕ ಹೀಗೆ: ಪ್ಯಾಕೆಟ್ ಮೇಲೆ ಎಂಆರ್‌ಪಿ 2,360 ರೂಪಾಯಿ ಇದೆ ಎನ್ನಿ. ಶೇ. 18ರ ಲೆಕ್ಕದಲ್ಲಿ ಮೂಲ ಬೆಲೆ 2,000, ತೆರಿಗೆ 360. ಬಿಲ್ಲಿನಲ್ಲಿ 2,000 ಬರೆದು ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180 ಸೇರಿಸಿ ಒಟ್ಟು 2,360 ಮಾಡಿದ್ದರೆ ಸರಿ. 2,360ರ ಮೇಲೆ ಮತ್ತೆ ಶೇ. 18 ಹಾಕಿದ್ದರೆ 2,784 ರೂಪಾಯಿ 80 ಪೈಸೆ ಆಗುತ್ತದೆ, 424 ರೂಪಾಯಿ 80 ಪೈಸೆ ನಿಮ್ಮಿಂದ ಹೆಚ್ಚು ತೆಗೆದಂತೆ. ಇದನ್ನು ಹಿಡಿಯಲು ಪ್ಯಾಕೆಟ್ ಬೇಕು. ಬದಲಿಸಿದ ಪ್ರತಿ ಭಾಗದ ಖಾಲಿ ಪ್ಯಾಕೆಟನ್ನೂ ಹಳೆಯ ಭಾಗವನ್ನೂ ಕೇಳಿ ಪಡೆಯಿರಿ. ತೆರಿಗೆ ದರವನ್ನೂ ನೋಡಿ: 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಶೇ. 18. ಆಮೇಲಿನ ಬಿಲ್ಲಿನಲ್ಲಿ ಶೇ. 28 ಕಂಡರೆ ಪ್ರಶ್ನಿಸಿ.

ಪ್ರೋಗ್ರಾಮಿಂಗ್ ಅಂದರೆ ನೋಂದಣಿಯ ಲೇಬರ್. ಅದು ನಿಜವಾದ ಕೆಲಸ, ಅದಕ್ಕೆ ಹಣ ಕೇಳುವುದು ನ್ಯಾಯವೇ. ಲೇಬರ್ ಮೇಲೆ ಶೇ. 18 ಜಿಎಸ್‌ಟಿ ಪ್ರತ್ಯೇಕವಾಗಿ ಬರುತ್ತದೆ, ಅದೂ ಸರಿ. ನೀವು ಕೇಳಬೇಕಾದ್ದು ಒಂದೇ: ಕೆಲಸಕ್ಕೆ ಕೈಹಾಕುವ ಮುಂಚೆ ಈ ಮೊತ್ತ ಹೇಳಿದ್ದರೇ? ಕನ್ಸ್ಯೂಮಬಲ್ಸ್ ಎಂದರೆ ಗ್ರೀಸ್, ಕ್ಲೀನರ್, ಬಟ್ಟೆ ಇತ್ಯಾದಿ. ಕೀ ನೋಂದಣಿಯಲ್ಲಿ ಇವ್ಯಾವುವೂ ಖರ್ಚಾಗುವುದಿಲ್ಲ, ಆ ಸಾಲನ್ನು ತೆಗೆಸಿ. ಜನರಲ್ ಸರ್ವಿಸ್ ಅಂತೂ ನೀವು ಹೇಳದೆ ಬಿಲ್ಲಿಗೆ ಬರುವಂತಿಲ್ಲ. ಜಾಬ್ ಕಾರ್ಡಿನಲ್ಲಿ ಬರೆದು ನಿಮ್ಮ ಸಹಿ ಇದ್ದರೆ ಮಾತು ಬೇರೆ. ಬಹಳಷ್ಟು ಜನ ಎಡವುವುದು ಇಲ್ಲೇ: ಕೌಂಟರಿನಲ್ಲಿ ಖಾಲಿ ಜಾಬ್ ಕಾರ್ಡಿಗೆ ಸಹಿ ಹಾಕಿ ಹೋಗುತ್ತಾರೆ, ಕೆಳಗೆ ಪಾಲಿಶ್, ಟೆಫ್ಲಾನ್ ಕೋಟಿಂಗ್ ಎಲ್ಲ ಆಮೇಲೆ ಸೇರಿಕೊಳ್ಳುತ್ತವೆ. ಸಹಿಯ ಮೇಲೆ 'ಕೀ ನೋಂದಣಿ ಮಾತ್ರ, ಬೇರೆ ಕೆಲಸಕ್ಕೆ ಫೋನ್ ಮಾಡಿ ಕೇಳಬೇಕು' ಎಂದು ನಿಮ್ಮ ಕೈಯಾರೆ ಬರೆಯಿರಿ, ಫೋಟೋ ತೆಗೆದುಕೊಳ್ಳಿ. ಭಾಗಕ್ಕೆ ಮುಂಗಡ ಕೊಟ್ಟರೆ ಪಾರ್ಟ್ ನಂಬರ್, ಬರುವ ದಿನಾಂಕ ಇರುವ ರಸೀದಿ ಇರಲಿ.

ಈಗಾಗಲೇ ಹಣ ಕಟ್ಟಿದ್ದರೂ ದಾರಿ ಮುಚ್ಚಿಲ್ಲ. ಮೊದಲು ವರ್ಕ್‌ಶಾಪ್ ಮ್ಯಾನೇಜರ್ ಹತ್ತಿರ ಬಿಲ್ಲು, ಪ್ಯಾಕೆಟ್ ಇಟ್ಟುಕೊಂಡು ಮಾತಾಡಿ. ಲೆಕ್ಕ ಕಣ್ಣೆದುರಿಗಿದ್ದರೆ ಹೆಚ್ಚಿನವು ಅಲ್ಲೇ ಬಗೆಹರಿಯುತ್ತವೆ. ಆಗದಿದ್ದರೆ ಬಿಲ್ ನಂಬರ್, ಚಾಸಿ ನಂಬರ್ ಸಹಿತ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಂಆರ್‌ಪಿಗಿಂತ ಹೆಚ್ಚು ತೆಗೆದದ್ದಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ದೂರು ಕೊಡಬಹುದು. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ, ಚಿತ್ರದುರ್ಗದಲ್ಲೂ ದಾವಣಗೆರೆಯಲ್ಲೂ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ಲನ್ನೇ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. 'ಬಿಲ್ ಬೇಡವಾದರೆ ಕಡಿಮೆ ಮಾಡ್ತೀವಿ' ಎಂಬ ಮಾತಿಗೆ ಒಪ್ಪಿದರೆ ಈ ಯಾವ ಬಾಗಿಲೂ ನಿಮಗೆ ತೆರೆಯುವುದಿಲ್ಲ.

ಪ್ರಶ್ನೆ: ಕೀ ಲಾಕಿನೊಳಗೇ ಮುರಿದಿದೆ. ಫೆವಿಕ್ವಿಕ್ ಹಚ್ಚಿ ಎಳೆದರೆ ಬರುತ್ತದಾ? (ಹೊಸದುರ್ಗ)

ಉತ್ತರ: ಅಂಟು ತಗಡುಗಳಿಗೆ ಹರಿದರೆ ಲಾಕೇ ಹೋಯಿತು. ಕೀ ಹೊರಬರುವ ಸ್ಥಾನಕ್ಕೆ, ಅಂದರೆ ಆಫ್‌ಗೆ, ಸಣ್ಣ ಸ್ಕ್ರೂಡ್ರೈವರ್‌ನಿಂದ ಲಾಕಿನ ಮುಖವನ್ನು ತಿರುಗಿಸಿ. ಆನ್ ಸ್ಥಾನದಲ್ಲಿ ಎಷ್ಟು ಎಳೆದರೂ ಬಾರದು. ಡಬ್ಲ್ಯೂಡಿ-40 ಒಂದೆರಡು ಹನಿ ಬಿಟ್ಟು ಹತ್ತು ನಿಮಿಷ ಕಾಯಿರಿ. ತೆಳುವಾದ ಗರಗಸದ ಬ್ಲೇಡಿನ ತುಂಡನ್ನು, ಹಲ್ಲು ನಿಮ್ಮ ಕಡೆ ಬಾಗಿರುವಂತೆ, ಕೀಯ ಪಕ್ಕದಲ್ಲಿ ತೂರಿಸಿ ಕೊಕ್ಕೆ ಹಾಕಿ ಎಳೆಯಿರಿ. ಮುರಿದ ಎರಡೂ ತುಂಡು ಜೋಪಾನ, ಜೋಡಿಸಿಟ್ಟರೆ ನಕಲು ತೆಗೆಯಬಹುದು. ಆದರೆ ಸವೆದ ಕೀಯ ನಕಲಿನಲ್ಲಿ ಸವಕಳಿಯೂ ನಕಲಾಗುತ್ತದೆ. ಮನೆಯಲ್ಲಿ ಬಳಸದ ಕೀ ಇದ್ದರೆ ಅದನ್ನೇ ಕೊಡಿ.

ಪ್ರಶ್ನೆ: ಸ್ಮಾರ್ಟ್ ಕೀ ಒಂದೊಂದು ಜಾಗದಲ್ಲಿ ಕೆಲಸ ಮಾಡುವುದಿಲ್ಲ, ಮುಖ್ಯವಾಗಿ ಹೈಟೆನ್ಷನ್ ಲೈನ್ ಕೆಳಗೆ. ಹೊಸದು ತೆಗೆದುಕೊಳ್ಳಬೇಕಾ? (ಹಿರಿಯೂರು)

ಉತ್ತರ: ಬೇಡ. ದೊಡ್ಡ ವಿದ್ಯುತ್ ಲೈನ್, ಮೊಬೈಲ್ ಟವರ್ ಹತ್ತಿರ ಸಂಕೇತ ಕೆಡುತ್ತದೆ. ಕೀ ಮೊಬೈಲ್ ಜತೆ ಒಂದೇ ಜೇಬಿನಲ್ಲಿದ್ದರೂ ಹಾಗೆಯೇ. ಕೀಯನ್ನು ನಾಬ್ ಹತ್ತಿರ ಹಿಡಿದು ನೋಡಿ, ಗಾಡಿಯನ್ನು ಹತ್ತಿಪ್ಪತ್ತು ಹೆಜ್ಜೆ ತಳ್ಳಿ ನೋಡಿ.

ಎಲ್ಲ ಕಡೆಯೂ ತೊಂದರೆಯಾದರೆ ಕೀಯ ಸೆಲ್ ಬದಲಿಸಿ. ಬಹುತೇಕ ಕೀಗಳಲ್ಲಿರುವುದು ಸಿಆರ್2032: ಅಗಲ 20 ಮಿಲಿಮೀಟರ್, ದಪ್ಪ 3.2, 3 ವೋಲ್ಟ್. ಹಳೆಯ ಸೆಲ್ ಮೇಲಿನ ನಂಬರ್ ನೋಡಿಯೇ ಕೊಳ್ಳಿ, ಸಿಆರ್2025 ತೆಳು, ಸಡಿಲವಾಗಿ ಕೂರುತ್ತದೆ. ಹಳೆಯ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸೆಲ್ ಹೊಸದಾದರೂ ಗಾಡಿ ಏಳದಿದ್ದರೆ ಗಾಡಿಯ 12 ವೋಲ್ಟ್ ಬ್ಯಾಟರಿ ಅಳೆಸಿ. ನಿಂತ ಗಾಡಿಯಲ್ಲಿ 12.4ಕ್ಕಿಂತ ಮೇಲಿದ್ದರೆ ಚೆನ್ನ. 12ಕ್ಕಿಂತ ಕೆಳಗಿದ್ದರೆ ದೋಷ ಬ್ಯಾಟರಿಯದು, ಕೀಯದಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುತ್ತಿದ್ದೇನೆ. ಒಂದೇ ಕೀ ಕೊಡ್ತಾರಂತೆ. ಪರವಾಗಿಲ್ಲವೇ? (ಹರಿಹರ)

ಉತ್ತರ: ಪರವಾಗಿಲ್ಲ ಎಂದು ಬಿಡುವಂತಿಲ್ಲ. ಬೈಕ್ ಕಳವಾಗಿ ವಿಮೆ ಕೇಳಿದರೆ ಕಂಪನಿ ಎರಡೂ ಮೂಲ ಕೀಗಳನ್ನು ಕೇಳುತ್ತದೆ. ಒಂದೇ ಕೊಟ್ಟರೆ ಇನ್ನೊಂದು ಎಲ್ಲಿ, ಯಾವಾಗ ಹೋಯಿತು ಎಂಬುದಕ್ಕೆ ದಾಖಲೆ ಬೇಕು, ಇಲ್ಲದಿದ್ದರೆ ಕ್ಲೇಮ್ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ 'ಎರಡನೇ ಕೀ ಕಳೆದಿದೆ, ಒಂದನ್ನು ಮಾತ್ರ ಕೊಟ್ಟಿದ್ದೇನೆ' ಎಂದು ಮಾರುವವರಿಂದ ದಿನಾಂಕ ಹಾಕಿ ಬರೆಸಿಕೊಳ್ಳಿ. ಕೀ ಕಳೆದವರು ಯಾರೇ ಆಗಲಿ ಠಾಣೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹೊಸ ಕೀ ಮಾಡಿಸಿದ ಬಿಲ್ಲನ್ನೂ ಅದರ ಜತೆಗೇ ಇಡಿ. ಸಾಮಾನ್ಯ ಪಾಲಿಸಿಯಲ್ಲಿ ಕೀಯ ಖರ್ಚು ಸಿಗುವುದಿಲ್ಲ. ಕೀ ಬದಲಿ ಕವರ್ ಎಂಬ ಹೆಚ್ಚುವರಿ ಸೇರಿಸಿದ್ದರೆ ಮಾತ್ರ ಸಿಗುತ್ತದೆ, ನವೀಕರಣದ ಹೊತ್ತಿಗೆ ವಿಚಾರಿಸಿ. ಸ್ಮಾರ್ಟ್ ಕೀ ಗಾಡಿಯಾದರೆ ಮಾತು ಮುಗಿಸುವ ಮುಂಚೆ ಇನ್ನೊಂದು ಕೀಯ ಬೆಲೆ ಮತ್ತು ನೋಂದಣಿಯ ಲೇಬರ್ ಶೋರೂಮಿನಲ್ಲಿ ಕೇಳಿ, ಆ ಮೊತ್ತವನ್ನು ಬೈಕಿನ ಬೆಲೆಯಿಂದ ಕಳೆಯಿರಿ.