ಕುರಿ ಕಂಡರೆ ಬೆನ್ನಟ್ಟುವ ಮುಧೋಳ ನಾಯಿ: ಅದೇ ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ

ಸುಗ್ಗಿ ಮುಗಿದು ಹೊಲಗಳು ಖಾಲಿಯಾಗಿ ಕುರಿಹಿಂಡುಗಳು ಊರೂರಿಗೆ ಬಂದು ತಂಗತೊಡಗಿದವೆಂದರೆ ನನಗೆ ಪತ್ರಗಳೂ ಶುರುವಾಗುತ್ತವೆ. ಊರು ಬೇರೆ, ನಾಯಿಯ ಹೆಸರು ಬೇರೆ, ಪ್ರಶ್ನೆ ಒಂದೇ. ಪಶುವೈದ್ಯನಾಗಿ ಇದಕ್ಕೆ ತುಂಡು ತುಂಡಾಗಿ ಉತ್ತರಿಸಿ ಸಾಕಾಗಿದೆ. ಈ ಸಲ ಒಬ್ಬರ ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಉಳಿದವರು ಬೇಸರಿಸಬಾರದು. ಹೆಸರು ಕರೆದರೆ ಬರುವುದು, ಹಗ್ಗ ಎಳೆಯದೆ ನಡೆಯುವುದು, ಇವನ್ನು ನಿಮ್ಮ ನಾಯಿ ಕಲಿತಿದೆ ಎಂದೇ ಹಿಡಿದು ಬರೆದಿದ್ದೇನೆ. ಕಲಿತಿಲ್ಲವಾದರೆ ಮೊದಲು ಅದನ್ನು ಕಲಿಸಿ.

ಪ್ರಶ್ನೆ: ನಮ್ಮದು 14 ತಿಂಗಳ ಗಂಡು ಮುಧೋಳ ನಾಯಿ. ಮಕ್ಕಳು ಕಿವಿ ಎಳೆದರೂ ಸುಮ್ಮನಿರುವಷ್ಟು ಸಾಧು. ಕಳೆದ ತಿಂಗಳು ಪಕ್ಕದ ಹೊಲದಲ್ಲಿ ತಂಗಿದ್ದ ಹಿಂಡಿಗೆ ನುಗ್ಗಿ ಎರಡು ಮರಿ ಕೊಂದಿತು. ಟಗರಿನ ಜೊತೆ ಕಟ್ಟಿ ಒಮ್ಮೆ ಗುಮ್ಮಿಸಿದರೆ ಮತ್ತೆಂದೂ ಕುರಿ ಕಡೆ ತಿರುಗಿ ನೋಡುವುದಿಲ್ಲ ಎಂದು ಊರ ಹಿರಿಯರು ಹೇಳುತ್ತಾರೆ. ರಕ್ತದ ರುಚಿ ಹತ್ತಿದ ನಾಯಿ ಸುಧಾರಿಸುತ್ತದೆಯೇ? (ಜಮಖಂಡಿ ತಾಲ್ಲೂಕಿನ ರೈತರೊಬ್ಬರು)

ಉತ್ತರ: ಆ ಎರಡು ಮರಿಗಳ ದುಡ್ಡು ಕುರಿಗಾರನಿಗೆ ಕೊಟ್ಟಿರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಕೊಟ್ಟಿಲ್ಲವಾದರೆ ಇದನ್ನು ಇಲ್ಲಿಗೇ ಮಡಚಿಟ್ಟು ಹೋಗಿ ಕೊಟ್ಟು ಬನ್ನಿ, ಆಮೇಲೆ ಓದಿ.

ಇನ್ನು ರಕ್ತದ ರುಚಿ. ನಿಮ್ಮ ನಾಯಿ ಎರಡು ಮರಿ ಕೊಂದಿತು ಎಂದಿರಿ. ಒಂದನ್ನಾದರೂ ತಿಂದಿತೆ? ತಿಂದಿರಲಾರದು. ಒಂದನ್ನು ಕೆಡವಿ, ಅದು ಒದ್ದಾಡುತ್ತಿದ್ದಂತೆಯೇ ಬಿಟ್ಟು ಇನ್ನೊಂದರ ಹಿಂದೆ ಓಡಿರುತ್ತದೆ. ಹಸಿವಿನಿಂದ ಹೋದ ನಾಯಿಯಾದರೆ ಮೊದಲನೆಯದರಲ್ಲೇ ನಿಲ್ಲುತ್ತಿತ್ತು. ನಾಯಿಯ ಬೇಟೆಗೆ ಮೆಟ್ಟಿಲುಗಳಿವೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು. ಒಂದೊಂದು ತಳಿಯಲ್ಲಿ ಒಂದೊಂದು ಮೆಟ್ಟಿಲನ್ನು ಮನುಷ್ಯರೇ ಆರಿಸಿ ಬೆಳೆಸಿದ್ದಾರೆ. ಕುರಿ ಕಾಯುವ ಬಾರ್ಡರ್ ಕಾಲಿಯಲ್ಲಿ ದಿಟ್ಟಿಸಿ ಹೊಂಚುವುದು ಗಟ್ಟಿ, ಕೊಲ್ಲುವುದು ಬಲು ದುರ್ಬಲ. ಮುಧೋಳದಲ್ಲಿ ನೋಟ ಮತ್ತು ಓಟ. ಮೂಗಿಗಿಂತ ಕಣ್ಣನ್ನು ನಂಬಿ ಓಡುವ ತಳಿ ಅದು. ಅದಕ್ಕೆ ಓಟವೇ ಊಟ. ಹೀಗಾಗಿ ಪ್ರತಿ ಸಲ ಕುರಿಯ ಹಿಂದೆ ಓಡಿದಾಗಲೂ, ಹಿಡಿಯಲಿ ಬಿಡಲಿ, ಅದಕ್ಕೆ ಬಹುಮಾನ ಸಿಕ್ಕಂತೆಯೇ. ನೀವು ಮನೆಗೆ ಬಂದ ಮೇಲೆ ಹೊಡೆದ ಏಟು ಯಾವ ತಪ್ಪಿಗೆ ಎಂದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮ ಕೈ ಎಂದರೆ ಹೆದರಿಕೆ ಎಂಬುದಷ್ಟೇ ತಿಳಿಯುತ್ತದೆ. ಮುಂದಿನ ಸಲ ಕರೆದಾಗ ಬರಲಿಕ್ಕೂ ಹಿಂದೆ ಮುಂದೆ ನೋಡುತ್ತದೆ.

ಟಗರಿನ ಮದ್ದನ್ನು ಹೇಳುವ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಹಾಗೆ ಗುಮ್ಮಿಸಿಕೊಂಡು ಪಕ್ಕೆಲುಬು ಮುರಿದ ನಾಯಿಗಳಿಗೆ ಪಟ್ಟಿ ಕಟ್ಟಿದವನು ನಾನು. ಅವರು ಕಟ್ಟಿಲ್ಲ. ಆ ನಾಯಿ ಹೆದರುವುದು ಆ ದೊಡ್ಡಿಯಲ್ಲಿ ನಿಂತ ಆ ಒಂದು ಟಗರಿಗೆ. ಬಯಲಿನಲ್ಲಿ ಬಾಲ ಎತ್ತಿ ಓಡುವ ಮರಿಗೂ ಆ ಟಗರಿಗೂ ಅದರ ತಲೆಯಲ್ಲಿ ಸಂಬಂಧವೇ ಇಲ್ಲ. ಗುಂಡಿ ಒತ್ತಿದರೆ ಕರೆಂಟ್ ಹೊಡೆಯುವ ಕೊರಳಪಟ್ಟಿಯ ಕಥೆಯೂ ಇಷ್ಟೇ. ಗುಂಡಿ ಒತ್ತಿದ ಗಳಿಗೆಯಲ್ಲಿ ನಾಯಿಯ ಕಣ್ಣು ಕುರಿಯ ಮೇಲಿತ್ತೋ, ಪಕ್ಕದಲ್ಲಿದ್ದ ನಿಮ್ಮ ಮಗನ ಮೇಲಿತ್ತೋ ನೀವು ಕಂಡಿರಾ? ನೋವನ್ನು ಅದು ಯಾರಿಗೆ ಗಂಟು ಹಾಕುತ್ತದೋ ಹೇಳಬರುವುದಿಲ್ಲ. ಹೆಜ್ಜೆಗೊಂದು ಕುರಿ ಇರುವ ವೇಲ್ಸ್ ದೇಶವೇ ಆ ಪಟ್ಟಿಯನ್ನು 2010ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಆನ್‌ಲೈನ್‌ನಲ್ಲಿ ತರಿಸಿ ಕಟ್ಟುತ್ತಾರೆ.

ಮಾಡಬೇಕಾದದ್ದು ಹೀಗೆ. ಓಟ ಶುರುವಾದ ಮೇಲೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ, ಹಾಗಾಗಿ ಮೊದಲ ಮೆಟ್ಟಿಲಲ್ಲೇ ಹಿಡಿಯಬೇಕು. ಕುರಿ ಕಂಡ ಕೂಡಲೇ ನಾಯಿಯನ್ನು ಗಮನಿಸಿ. ತೆರೆದಿದ್ದ ಬಾಯಿ ಮುಚ್ಚುತ್ತದೆ. ಕಿವಿ ನಿಮಿರುತ್ತದೆ. ಮುಂಗಾಲಿನ ಮೇಲೆ ಭಾರ ಬೀಳುತ್ತದೆ, ಮೈ ಕಲ್ಲಾಗುತ್ತದೆ. ಆ ಒಂದೆರಡು ಸೆಕೆಂಡೇ ನಿಮ್ಮ ಪಾಲಿಗೆ ಇರುವ ಹೊತ್ತು. ಅಷ್ಟರಲ್ಲಿ ಹೆಸರು ಕರೆದರೆ ತಿರುಗಬೇಕು, ತಿರುಗಿದ ಕ್ಷಣವೇ ಬಾಯಿಗೆ ಬೇಯಿಸಿದ ಲಿವರ್ ತುಣುಕು ಬೀಳಬೇಕು. ಒಣ ರೊಟ್ಟಿ ಚೂರಿಗೆ ಕುರಿಯನ್ನು ಬಿಟ್ಟು ಬರುವ ನಾಯಿಯನ್ನು ನಾನಂತೂ ಕಂಡಿಲ್ಲ.

ಕರೆದರೂ ತಿರುಗಲಿಲ್ಲವೆಂದರೆ ನಾಯಿಯನ್ನು ಬೈಯಬೇಡಿ, ನೀವು ಕುರಿಗೆ ತೀರಾ ಹತ್ತಿರ ನಿಂತಿದ್ದೀರಿ. ಹಿಂದೆ ಸರಿಯಿರಿ. ನೂರು ಮೀಟರ್ ದೂರದಿಂದ ಶುರುಮಾಡಿ, ಬೇಕಾದರೆ ಇನ್ನೂರು. ಹತ್ತು ಸಲ ಕರೆದರೆ ಒಂಬತ್ತು ಸಲ ತಿರುಗುವವರೆಗೆ ಒಂದು ಹೆಜ್ಜೆಯೂ ಮುಂದೆ ಬೇಡ. ದಿನಕ್ಕೆ ಹದಿನೈದು ನಿಮಿಷ ಸಾಕು. ಅದಕ್ಕಿಂತ ಎಳೆದರೆ ನಾಯಿಗೂ ಬೇಸರ, ನಿಮಗೂ ಸಿಟ್ಟು. ಮೇಯುತ್ತ ನಿಂತ ಹಿಂಡಿನೆದುರು ಪಳಗಿದ ಮೇಲೆ ನಡೆಯುವ ಹಿಂಡು, ಆಮೇಲೆ ದೂರದಲ್ಲಿ ಓಡುವ ಹಿಂಡು. ಇವು ಮೂರೂ ಬೇರೆ ಬೇರೆ ಪಾಠ. ನಿಂತ ಕುರಿಯ ಪಕ್ಕ ಸುಮ್ಮನೆ ಕೂತ ನಾಯಿ ಓಡುವ ಕುರಿಯ ಹಿಂದೆ ಹೋಗುವುದಿಲ್ಲ ಎಂದುಕೊಂಡವರೇ ನನಗೆ ಹೆಚ್ಚು ಪತ್ರ ಬರೆಯುವವರು. ತಿಂಗಳುಗಟ್ಟಲೆ ಹಿಡಿಯುತ್ತದೆ. ಇದಿಷ್ಟೂ ಕುರಿಗಾರನನ್ನು ಕೇಳಿ, ಅವನು ಒಪ್ಪಿದ ಜಾಗದಲ್ಲಿ. ಗಬ್ಬದ ಕುರಿಗಳಿರುವ ಹಿಂಡಾದರೆ ಬೇಡವೇ ಬೇಡ. ಹಲ್ಲು ತಾಗದಿದ್ದರೂ ಅಟ್ಟಿಸಿಕೊಂಡ ಗಾಬರಿಗೇ ಗಬ್ಬ ಹೋಗುತ್ತದೆ. ಎರಡು ನಾಯಿಗಳನ್ನು ಒಟ್ಟಿಗೆ ಒಯ್ಯಬೇಡಿ. ಒಂದು ಓಡಿದರೆ ಇನ್ನೊಂದು ಯಾಕೆ ಏನು ಎಂದು ಕೇಳುವುದಿಲ್ಲ.

ಹಗ್ಗದ ವಿಷಯ. ಹತ್ತು ಮೀಟರಿನ ಹಗ್ಗವನ್ನು ಕೊರಳಿಗೆ ಕಟ್ಟಬೇಡಿ. ಪೂರಾ ವೇಗದಲ್ಲಿ ಓಡಿ ಹಗ್ಗದ ಕೊನೆ ತಲುಪಿದರೆ ಕತ್ತಿಗೇ ಪೆಟ್ಟು. ಉದ್ದ ಹಗ್ಗಕ್ಕೆ ಹಾರ್ನೆಸ್ ಎಂದು ಅಂಗಡಿಯಲ್ಲಿ ಸಿಗುವ ಎದೆಪಟ್ಟಿಯೇ ಆಗಬೇಕು. ಊರೊಳಗೆ ಗಿಡ್ಡ ಹಗ್ಗಕ್ಕಾದರೆ ಮಾರ್ಟಿಂಗೇಲ್ ಎಂಬ ಅಗಲ ಪಟ್ಟಿ. ಎಳೆದಾಗ ಸ್ವಲ್ಪ ಬಿಗಿಯಾಗಿ ಅಲ್ಲಿಗೇ ನಿಲ್ಲುವಂಥದ್ದು. ಮುಧೋಳದ ತಲೆ ಕತ್ತಿಗಿಂತ ದಪ್ಪವಲ್ಲ, ಮಾಮೂಲಿ ಬಕಲ್ ಪಟ್ಟಿಯಿಂದ ಹಿಂದಕ್ಕೆ ಜಗ್ಗಿದರೆ ತಲೆ ಸಲೀಸಾಗಿ ಈಚೆ ಬರುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ವರ್ಷಗಳ ಹಿಂದೆ ನನ್ನ ಸ್ವಂತ ಹೆಣ್ಣುನಾಯಿ, ಐದು ವರ್ಷ ಕುರಿಗಳ ನಡುವೆಯೇ ಓಡಾಡಿಕೊಂಡಿದ್ದದ್ದು, ಜೋಳದ ಕೂಳೆ ಹೊಲದ ಬದುವಿನಲ್ಲಿ ನನ್ನ ಜೊತೆ ನಿಂತಿತ್ತು. ನಾನು ಕುರಿಗಾರನ ಜೊತೆ ಮಳೆಯ ಮಾತಾಡುತ್ತಿದ್ದೆ. ಒಂದು ಮರಿ ಸುಮ್ಮನೆ ಚಂಗನೆ ಜಿಗಿದು ಓಡಿತು. ನೋಡಿದರೆ ನನ್ನ ಕೈಯಲ್ಲಿ ಹಗ್ಗವಿದೆ, ಹಗ್ಗದ ತುದಿಗೆ ಪಟ್ಟಿಯಿದೆ, ಪಟ್ಟಿಯೊಳಗೆ ನಾಯಿಯಿಲ್ಲ. ಮರಿ ತಪ್ಪಿಸಿಕೊಂಡಿತು, ಅಡ್ಡ ಬಂದ ಗಬ್ಬದ ಕುರಿ ಸತ್ತಿತು. ಜೇಬಿಗೆ ಕೈ ಹಾಕಿದ ನನಗೆ ಆ ಮುದುಕ ಹೇಳಿದ್ದು ಇಷ್ಟೇ: "ರೊಕ್ಕ ಇರ್ಲಿ ಸಾಹೇಬ್ರ, ಅದರ ಕೊಳ್ಳಾಗಿನ ಪಟ್ಟಿ ಬದಲ್ಸ್ರಿ ಮೊದ್ಲ." ರೊಕ್ಕವನ್ನೂ ಕೊಟ್ಟೆ, ಪಟ್ಟಿಯನ್ನೂ ಬದಲಿಸಿದೆ. ಅಂದಿನಿಂದ ಹಿಂಡಿನ ಹತ್ತಿರ ನಾಯಿ ಬಿಚ್ಚಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅತಿ ಎಚ್ಚರ ಎನ್ನುವವರು ಎನ್ನಲಿ.

ಹಾಗಾದರೆ ಕುರಿಗಾರರ ಹಟ್ಟಿಯಲ್ಲಿ ಇದೇ ನಾಯಿ ಕುರಿಗಳ ನಡುವೆ ಮಲಗಿರುವುದಿಲ್ಲವೇ ಎಂದು ಕೇಳುತ್ತೀರಿ. ಮಲಗಿರುತ್ತದೆ. ಅದು ಕಣ್ಣು ಬಿಟ್ಟಾಗಿನಿಂದ ಕಂಡದ್ದು ಕುರಿಯನ್ನೇ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ನಾಯಿಮರಿ ಯಾರ ಜೊತೆ ಬೆಳೆಯಿತೋ ಅವರನ್ನು ತನ್ನವರೆಂದುಕೊಳ್ಳುತ್ತದೆ. ಎರಡು ತಿಂಗಳ ನಾಯಿಮರಿ ಹತ್ತಿರ ಬಂದಾಗ ಮರಿ ಹಾಕಿದ ಕುರಿ ಕಾಲು ಅಪ್ಪಳಿಸಿ ಹೆದರಿಸುತ್ತದಲ್ಲ, ಅದೂ ಒಂದು ಪಾಠವೇ. ಬೆಳೆದ ನಾಯಿಯನ್ನು ಟಗರಿಗೆ ಕಟ್ಟುವುದು ಪಾಠವಲ್ಲ. ಅಷ್ಟಾಗಿಯೂ ಹಟ್ಟಿಯ ನಾಯಿ ತನ್ನ ಹಿಂಡಿನ ಕರಿ ಕುರಿಗಳನ್ನು ಮುಟ್ಟದೆ ಪಕ್ಕದೂರಿನ ಬಿಳಿ ಮೇಕೆಯ ಬೆನ್ನು ಹತ್ತಿದ್ದನ್ನು ಕಂಡಿದ್ದೇನೆ. ನಾಯಿಗೆ 'ಕುರಿ' ಎಂಬ ಪದ ಗೊತ್ತಿಲ್ಲ, 'ನಮ್ಮವು' ಎಂಬುದಷ್ಟೇ ಗೊತ್ತು.

ನಿಮ್ಮ ನಾಯಿಗೆ 14 ತಿಂಗಳಾಗಿದೆ, ಆ ವಯಸ್ಸು ದಾಟಿ ಹೋಯಿತು. ಸುಧಾರಿಸುತ್ತದೆಯೇ? ಹಗ್ಗದಲ್ಲಿ ನಿಮ್ಮ ಮಾತು ಕೇಳುವಷ್ಟು ಖಂಡಿತ ಸುಧಾರಿಸುತ್ತದೆ. ಹಗ್ಗವಿಲ್ಲದೆ ಹಿಂಡಿನ ನಡುವೆ ಬಿಡುವಷ್ಟು, ಇಲ್ಲ. ಸುಧಾರಿಸಿದೆಯೇ ನೋಡೋಣ ಎಂದು ಒಮ್ಮೆ ಬಿಟ್ಟು ನೋಡಬೇಡಿ. ಆ ಒಂದು ಓಟಕ್ಕೆ ತಿಂಗಳುಗಳ ಪಾಠ ಹೋಗುತ್ತದೆ. ಹೊಲದ ಮನೆಯಾದರೆ ಆಳೆತ್ತರದ ಬೇಲಿ ಹಾಕಿ ಅದರೊಳಗೆ ಓಡಿಸಿ. ಓಡದ ಮುಧೋಳ ಮನೆಯ ಮಂಚವನ್ನೇ ತಿನ್ನುತ್ತದೆ. ರಾಶಿ ಮಾಡುವಾಗ ಎತ್ತಿಗೆ ಬಾಯಿಕುಕ್ಕೆ ಹಾಕಿದಂತೆ ನಾಯಿಗೂ ಬುಟ್ಟಿಯಂಥ ಕುಕ್ಕೆ ಬರುತ್ತದೆ. ಅದು ಹಗ್ಗದ ಜೊತೆಗೆ ಇರಬೇಕಾದದ್ದು, ಹಗ್ಗದ ಬದಲಿಗಲ್ಲ.

ಇನ್ನು ಉಳಿದವು.

ಪ್ರಶ್ನೆ: ಮೊಲದ ಬೇಟೆಗೆ ಬಿಡಬೇಕು, ಆದರೆ ಕುರಿ ಮುಟ್ಟಬಾರದು. ಹೇಗೆ ತಯಾರಿ ಮಾಡುವುದು?

ಉತ್ತರ: ಮಾಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲವನ್ನು ಕೊಲ್ಲುವುದಷ್ಟೇ ಅಲ್ಲ, ನಾಯಿ ಬಿಟ್ಟು ಅಟ್ಟಿಸುವುದೂ ಬೇಟೆಯೇ. ಹಬ್ಬದ ದಿನ ಎಂದು ಕಾಯ್ದೆಗೆ ರಜೆ ಇಲ್ಲ.

ಪ್ರಶ್ನೆ: ಕೊಂದ ಕೋಳಿಯನ್ನು ನಾಯಿಯ ಕೊರಳಿಗೆ ವಾರ ಕಟ್ಟಿದರೆ ಚಟ ಬಿಡುತ್ತದಂತೆ?

ಉತ್ತರ: ನಿಮ್ಮ ಮನೆ ನಾರುತ್ತದೆ.

ಪ್ರಶ್ನೆ: ಸೇನೆಯವರೇ ಮುಧೋಳವನ್ನು ತೆಗೆದುಕೊಂಡಿದ್ದಾರೆ. ನಮ್ಮದೇಕೆ ಮಾತು ಕೇಳುವುದಿಲ್ಲ?

ಉತ್ತರ: 2016ರಲ್ಲಿ ಮೀರತ್‌ನ ಸೇನಾ ನಾಯಿ ತರಬೇತಿ ಕೇಂದ್ರಕ್ಕೆ ಹೋದ ಮುಧೋಳದ ಮರಿಗಳ ಹಿಂದೆ ದಿನವಿಡೀ ಅದೇ ಕೆಲಸದ ಜನ ನಿಂತಿದ್ದರು. ನಿಮ್ಮ ನಾಯಿಯ ಹಿಂದೆ ಯಾರಿದ್ದಾರೆ?

ಪ್ರಶ್ನೆ: ಬೀಜ ತೆಗೆಸಿದರೆ ಕುರಿ ಅಟ್ಟುವುದು ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಹೆಣ್ಣಿನ ಹಿಂದೆ ಊರು ಸುತ್ತುವುದು ಕಡಿಮೆಯಾದೀತು.

ಪ್ರಶ್ನೆ: ಹಸಿ ಮಾಂಸ ಹಾಕಿದರೆ ನಾಯಿ ಕುರಿಯ ಮೇಲೆ ಬೀಳುತ್ತದೆಯೇ?

ಉತ್ತರ: ಅದರಿಂದ ಬೀಳುವುದಿಲ್ಲ. ಆದರೂ ಹಸಿ ಕುರಿತಲೆ ಹಾಕಬೇಡಿ, ಕಾರಣ ಬೇರೆ. ಕುರಿಯ ಮಿದುಳಿನಲ್ಲಿ ಲಾಡಿಹುಳದ ನೀರುಗುಳ್ಳೆ ಇದ್ದರೆ ಅದನ್ನು ತಿಂದ ನಾಯಿಯ ಕರುಳಲ್ಲಿ ಹುಳ ಬೆಳೆಯುತ್ತದೆ, ಮೊಟ್ಟೆ ನಾಯಿಯ ಮಲದ ಜೊತೆ ಹುಲ್ಲಿಗೆ ಬೀಳುತ್ತದೆ, ಮೇಯ್ದ ಕುರಿಯ ಮಿದುಳಿಗೆ ಹೋಗಿ ಮತ್ತೆ ಗುಳ್ಳೆಯಾಗುತ್ತದೆ. ತಲೆ ಓರೆ ಮಾಡಿ ನಿಂತಲ್ಲೇ ಗಿರಗಿರ ಸುತ್ತುವ ಕುರಿಯನ್ನು ಕಂಡು ಗಾಳಿ ಮೆಟ್ಟಿತೆಂದು ತಾಯತ ಕಟ್ಟುತ್ತಾರಲ್ಲ, ಬಹಳ ಸಲ ಅದು ಇದೇ. ನಾಯಿಗೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಹಾಕಿ. ತೂಕಕ್ಕೆ ತಕ್ಕ ಪ್ರಮಾಣವನ್ನು ಪಶು ಆಸ್ಪತ್ರೆಯಲ್ಲಿ ಕೇಳಿ, ಔಷಧಿ ಅಂಗಡಿಯ ಹುಡುಗನನ್ನಲ್ಲ.

ಪ್ರಶ್ನೆ: ನಾಯಿ ಕಚ್ಚಿದ ಕುರಿಗೆ ಅರಿಸಿನ ಮೆತ್ತಿದ್ದೇವೆ. ಸಾಕೇ?

ಉತ್ತರ: ಸಾಲದು. ಉಣ್ಣೆಯ ಮೇಲಿಂದ ಎರಡು ತೂತು ಕಾಣುತ್ತವೆ, ಕತ್ತರಿಸಿ ನೋಡಿದರೆ ಒಳಗೆ ಅಂಗೈಯಗಲ ಚರ್ಮ ಬಿಟ್ಟಿರುತ್ತದೆ. ಸುತ್ತಲ ಉಣ್ಣೆ ಕತ್ತರಿಸಿ, ಕೈಗವಸು ಹಾಕಿಕೊಂಡು, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಗಾಯ ಕಟ್ಟಬೇಡಿ. ಅದೇ ದಿನ ಪಶು ಆಸ್ಪತ್ರೆಗೆ ಒಯ್ದು ಹುಚ್ಚುನಾಯಿ ರೋಗದ ಲಸಿಕೆ ಶುರುಮಾಡಿಸಿ. ಕಚ್ಚಿದ ನಾಯಿ ಸಿಕ್ಕರೆ ಬಡಿದು ಕೊಲ್ಲಬೇಡಿ, ಕಟ್ಟಿಹಾಕಿ ಹತ್ತು ದಿನ ನೋಡಬೇಕು. ಆ ಹತ್ತು ದಿನ ಕಳೆಯಲಿ ಎಂದು ಲಸಿಕೆಯನ್ನು ಮಾತ್ರ ಕಾಯಿಸಬೇಡಿ.