ಕೆಸರು ಅಗೆದು ಏನ್ ಸಿಕ್ತು ಅಂದ್ರೆ

ಸಕಲೇಶಪುರದಿಂದ ಪತ್ರ ಬರೆದ ಸಾರ್, ನಮಸ್ಕಾರ. ಹೋದ ಸಂಚಿಕೆ ಓದಿ, ಹಳೇ ಭೂಕಂಪದ ಗುರುತು ಹುಡುಕ್ತಾ ಕಡಲ ದಡದ ಕೆಸರು ಅಗೀತಾ ಕೂರೋ ವಿಜ್ಞಾನಿಗಳಿಗೆ ಮುಂದೆ ಆಗೋ ಭೂಕಂಪದ ಡೇಟ್ ಒಂದು ಹೇಳೋಕೆ ಬರಲ್ಲ, ಮತ್ತೆ ಅಷ್ಟು ದುಡ್ಡು ಯಾಕೆ, ನಮ್ಮ ಹಾಸನಕ್ಕೆ ಅದರಿಂದ ಏನಾಗ್ಬೇಕು ಅಂತ ಕೇಳಿದ್ದೀರಿ. ಮುಂದಿನದರ ಡೇಟ್ ಯಾರಿಗೂ ಹೇಳೋಕಾಗಲ್ಲ ಸಾರ್, ಹೇಳ್ತೀವಿ ಅಂತ ವಾಟ್ಸಾಪಲ್ಲಿ ಬರೋದನ್ನ ದಯವಿಟ್ಟು ನಂಬಬೇಡಿ. ಆದ್ರೆ ಆ ಕೆಸರಿನ ಕೆಲಸ ದಂಡ ಅಂದಿದ್ದನ್ನ ನಾನು ಒಪ್ಪಲ್ಲ.

ಅಮೆರಿಕದ ವಾಷಿಂಗ್ಟನ್, ಒರೆಗಾನ್ ಕರಾವಳಿ ತಗೊಳ್ಳಿ. ಸಮುದ್ರ ತಳದ ಫಲಕ, ಅಂದ್ರೆ ಭೂಮಿಯ ಹೊರಪದರದ ದೊಡ್ಡ ತುಂಡು, ಅಲ್ಲಿ ಖಂಡದ ಅಡಿಗೆ ನುಗ್ತಾ ಇದೆ, ಆದ್ರೂ ಆ ಗಡಿಯಲ್ಲಿ ದೊಡ್ಡ ಭೂಕಂಪ ಆದ ಬರಹದ ದಾಖಲೆ ಇಲ್ದೆ, ಅಲ್ಲಿ ಅಂಥದ್ದು ಆಗಲ್ಲ ಅಂತ ಎಷ್ಟೋ ಜನ ನಂಬಿದ್ರು. 1980ರ ದಶಕದಲ್ಲಿ ಬ್ರಯಾನ್ ಅಟ್‌ವಾಟರ್ ಅನ್ನೋ ಭೂವಿಜ್ಞಾನಿ ಅಳಿವೆಗಳಲ್ಲಿ ಅಗೆದು ನೋಡಿದ್ರೆ ಕೆಳಗೆ ಹುಲ್ಲು ಬೆಳೆದಿದ್ದ ಹಳೇ ನೆಲ, ಅದರ ಮೇಲೆ ಕಡಲ ಮರಳು, ಅದರ ಮೇಲೆ ಕೆಸರು, ಅಂದ್ರೆ ನೆಲ ಒಂದೇ ಸಲಕ್ಕೆ ಕುಸಿದು ಬೆನ್ನಿಗೇ ಸುನಾಮಿ ನುಗ್ಗಿತ್ತು. ಉಪ್ಪುನೀರಿಗೆ ಸಿಕ್ಕಿ ಒಣಗಿದ ಸೀಡರ್ ಮರಗಳ ಉಂಗುರ ಎಣಿಸಿದ್ರೆ ಅವು ಸತ್ತಿದ್ದು 1699ರ ಕೊನೆಯಿಂದ 1700ರ ವಸಂತದ ಒಳಗೆ. ಅತ್ತ ಜಪಾನಲ್ಲಿ, ನೆಲ ನಡುಗಿದ್ದೇ ಇಲ್ಲ ಆದ್ರೂ 1700ರ ಜನವರಿಯಲ್ಲಿ ಸುನಾಮಿ ಬಂತು ಅಂತ ಹಳೇ ಕಡತಗಳಲ್ಲಿತ್ತು, ಅಂದ್ರೆ ಅಲೆ ಎಲ್ಲೋ ದೂರದಿಂದ ಬಂದಿದ್ದು. ಜಪಾನಿನ ಭೂಕಂಪ ವಿಜ್ಞಾನಿ ಕೆಂಜಿ ಸತಾಕೆ ಮತ್ತು ಜೊತೆಯವರು 1996ರಲ್ಲಿ ಎರಡನ್ನೂ ಕೂಡಿಸಿದ್ರು: ಜನವರಿ 26ರ ರಾತ್ರಿ, ತೀವ್ರತೆ ಸುಮಾರು 9! ಬರೆದಿಡೋರು ಇಲ್ಲದ ಜಾಗದ ಭೂಕಂಪಕ್ಕೆ ದಿನ, ಹೊತ್ತು ಎರಡೂ ಸಿಕ್ತು, ನನಗಂತೂ ಇದು ಇವತ್ತಿಗೂ ಮೈ ಜುಂ ಅನ್ನಿಸೋ ವಿಷಯ.

ಇದಾದ್ಮೇಲೇನೇ ಅಲ್ಲಿ ಕಟ್ಟಡದ ನಿಯಮ ಬಿಗಿಯಾಗಿದ್ದು. ಅದೇ ವಾಷಿಂಗ್ಟನ್ ಕರಾವಳಿಯ ವೆಸ್ಟ್‌ಪೋರ್ಟ್ ಊರಲ್ಲಿ 2016ರಲ್ಲಿ ಒಂದು ಶಾಲೆ ಕಟ್ಟಿದ್ದಾರೆ, ಸುನಾಮಿ ಬಂದ್ರೆ ಮಕ್ಕಳು, ಊರವರು ಸೇರಿ ಸಾವಿರ ಜನ ಅದರ ಜಿಮ್ ತಾರಸಿ ಹತ್ತಿ ನಿಲ್ಲಬಹುದು.

ಇನ್ನು ನಮ್ಮ ಕಡೆ. ನಾವು ಫಲಕದ ಗಡಿಯಿಂದ ಬಹಳ ದೂರ, ಹಂಗಾಗಿ 9ರ ಭಯ ಬೇಡ. ಆದ್ರೆ 2022ರ ಜೂನಲ್ಲಿ ಹೊಳೆನರಸೀಪುರದ ಕಡೆ 3.4ರ ಕಂಪನ ಆಗಿದ್ದು ನಿಮಗೂ ನೆನಪಿರಬೇಕು. ಮಹಾರಾಷ್ಟ್ರದ ಕಿಲ್ಲಾರಿಯೂ ಭೂಕಂಪದ ಅಪಾಯ ತೀರಾ ಕಮ್ಮಿ ಅಂತ ಗುರುತಿಸಿದ್ದ ಜಾಗನೇ, 1993ರಲ್ಲಿ 6.2ರ ಭೂಕಂಪಕ್ಕೆ ಸುಮಾರು 10 ಸಾವಿರ ಜನ ಹೋದ್ರು, ಹೆಚ್ಚಿನವರು ಮಣ್ಣಲ್ಲಿ ಕಟ್ಟಿದ ಭಾರದ ಕಲ್ಲುಗೋಡೆ ಬಿದ್ದು. ತೋಟದಲ್ಲಿ ಕೆಲಸದವರಿಗೆ ಹೊಸ ಲೈನ್ ಮನೆ ಕಟ್ಟಿಸ್ತಿದ್ದೀನಿ ಅಂತಲೂ ಬರೆದಿದ್ದೀರಲ್ಲ, ಲಿಂಟಲ್ ಮಟ್ಟದಲ್ಲಿ ಎಲ್ಲಾ ಗೋಡೆಗೂ ಸುತ್ತ ಕಬ್ಬಿಣ ಹಾಕಿ ಕಾಂಕ್ರೀಟ್ ಬೆಲ್ಟ್ ಕೊಡೋಕೆ ಮೇಸ್ತ್ರಿಗೆ ಈಗ್ಲೇ ಹೇಳಿ ಸಾರ್, ಬರೀ ಬಾಗಿಲು ಕಿಟಕಿ ಮೇಲೆ ಹಾಕಿ ಬಿಟ್ರೆ ಸಾಲಲ್ಲ.