ಬೈಕ್ ಕಂಪನಿಗಳ ಟೆಸ್ಟ್ ರೈಡ್ ಕಾರ್ಯಕ್ರಮಕ್ಕೆ ಹೋಗುವುದರಿಂದ ಉಪಯೋಗ ಇದೆಯಾ? ಶೋರೂಮ್‌ನಲ್ಲಿ ಒಂದು ರೌಂಡ್ ಹೊಡೆದರೆ ಸಾಲದಾ?

ಖಂಡಿತ ಹೋಗಿ. ನೀವು ಹಾಸನದವರು, ಎತ್ತರ ಐದಡಿ ಐದಿಂಚು, ದಿನಾ ಆಫೀಸಿಗೆ ಓಡಾಟ, ರಜೆ ಸಿಕ್ಕರೆ ಹೆಂಡತಿಯನ್ನು ಕೂರಿಸಿಕೊಂಡು ಘಟ್ಟದ ಕಡೆ ಹೋಗುವ ಆಸೆ ಎಂದು ಬರೆದಿದ್ದೀರಿ. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350, ಟ್ರಯಂಫ್‌ನ ಸ್ಪೀಡ್ 400, ರಾಯಲ್ ಎನ್‌ಫೀಲ್ಡ್‌ನದೇ ಹಿಮಾಲಯನ್ 450, ಈ ಮೂರರಲ್ಲಿ ಯಾವುದು ಎಂದು ತೀರ್ಮಾನ ಆಗುತ್ತಿಲ್ಲ. ಹೋದರೆ ಏನು ನೋಡಬೇಕು, ಬುಕ್ ಮಾಡಲೇಬೇಕು ಅಂತ ದುಂಬಾಲು ಬೀಳುತ್ತಾರಾ ಎಂದೂ ಕೇಳಿದ್ದೀರಿ. ನಾನು ಇರುವುದು ಮೈಸೂರಿನಲ್ಲಿ, ನಿಮಗಿಂತ ಎರಡಿಂಚು ಗಿಡ್ಡ ಇರುವ ಹೆಂಗಸು. ವರ್ಷಗಳಿಂದ ಗೇರ್ ಬೈಕನ್ನೇ ಓಡಿಸುತ್ತಿದ್ದೇನೆ. ಬೆಂಗಳೂರಿನಲ್ಲಿ, ಗೋವಾದಲ್ಲಿ ಇಂಥ ಕಾರ್ಯಕ್ರಮಗಳಿಗೆ ಹೋಗಿ ಬಂದ ಅನುಭವದ ಮೇಲೆ ಹೇಳುತ್ತಿದ್ದೇನೆ.

ಶೋರೂಮ್‌ನ ಟೆಸ್ಟ್ ರೈಡ್ ಹೇಗಿರುತ್ತದೆ ಅಂತ ಗೊತ್ತಲ್ಲ. ಸೇಲ್ಸ್ ಹುಡುಗ ಹಿಂದೆ ಕೂರುತ್ತಾನೆ, "ಆ ಸರ್ಕಲ್ ತನಕ ಹೋಗಿ ತಿರುಗಿಸಿಕೊಂಡು ಬನ್ನಿ ಸರ್" ಅಂತಾನೆ. ನಾಲ್ಕನೇ ಗೇರ್ ಹಾಕುವ ಹೊತ್ತಿಗೆ ವಾಪಸ್ ಬಂದಿರುತ್ತೀರಿ. ಇನ್ನೊಂದು ಬೈಕ್ ಓಡಿಸಬೇಕೆಂದರೆ ಇನ್ನೊಂದು ಶೋರೂಮ್, ಇನ್ನೊಂದು ದಿನ. ಅಷ್ಟರಲ್ಲಿ ಮೊದಲನೆಯದರ ಅನುಭವ ಮಾಸಿಹೋಗಿ, "ಚೆನ್ನಾಗಿತ್ತು" ಅನ್ನುವುದಷ್ಟೇ ತಲೆಯಲ್ಲಿ ಉಳಿದಿರುತ್ತದೆ. ಸಣ್ಣ ಊರುಗಳ ಶೋರೂಮ್‌ಗಳಲ್ಲಿ ಎಲ್ಲಾ ಮಾಡೆಲ್‌ಗಳ ಡೆಮೊ ಬೈಕ್ ಇರುವುದೂ ಇಲ್ಲ.

ಕಂಪನಿ ನಡೆಸುವ ಕಾರ್ಯಕ್ರಮದಲ್ಲಿ ಒಂದು ಬೈಕಿನಿಂದ ಇಳಿದು ಹತ್ತು ನಿಮಿಷದಲ್ಲಿ ಇನ್ನೊಂದನ್ನು ಹತ್ತಬಹುದು. ಅದೇ ರಸ್ತೆ, ಅದೇ ಬಿಸಿಲು, ಅದೇ ತಿರುವು, ಅದೇ ಹಂಪು. ಆಗ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ, ಯಾರೂ ಹೇಳಬೇಕಾಗಿಲ್ಲ. ಕ್ಲಾಸಿಕ್ 350 ಇಳಿದ ತಕ್ಷಣ ಹಿಮಾಲಯನ್ 450 ಹತ್ತಿದರೆ ಎರಡೂ ಒಂದೇ ಕಂಪನಿಯವು ಅಂದರೆ ನಂಬುವುದು ಕಷ್ಟ. ಆದರೆ ರಾಯಲ್ ಎನ್‌ಫೀಲ್ಡ್ ಕಾರ್ಯಕ್ರಮದಲ್ಲಿ ಟ್ರಯಂಫ್ ಸಿಗುವುದಿಲ್ಲವಲ್ಲ. ಅದಕ್ಕೆ ಅದೇ ದಿನ, ತಪ್ಪಿದರೆ ಮಾರನೇ ದಿನ, ಸ್ಪೀಡ್ 400ಕ್ಕೆ ಅದೇ ಊರಿನ ಶೋರೂಮ್‌ನಲ್ಲಿ ಮೊದಲೇ ಸಮಯ ಗೊತ್ತು ಮಾಡಿಕೊಳ್ಳಿ.

ಕಾರ್ಯಕ್ರಮಗಳಲ್ಲೂ ಬೇರೆ ಬೇರೆ ಥರ ಇವೆ. ಗೋವಾದ ವಾಗಾತೋರ್‌ನಲ್ಲಿ ರಾಯಲ್ ಎನ್‌ಫೀಲ್ಡ್ ನಡೆಸುವ ಮೋಟೋವರ್ಸ್, ಮುಂಚೆ ರೈಡರ್ ಮೇನಿಯಾ ಅಂತಿತ್ತು, ಅದು ದೊಡ್ಡ ಹಬ್ಬ. ಹಿಮಾಲಯನ್ 450ರ ಬೆಲೆ ಘೋಷಣೆ ಆಗಿದ್ದೂ 2023ರ ನವೆಂಬರ್‌ನಲ್ಲಿ ಅಲ್ಲೇ. ಟಿವಿಎಸ್‌ನವರದ್ದು ಮೋಟೋಸೋಲ್. 2013ರಲ್ಲಿ ಗೋವಾದಲ್ಲೇ ಶುರುವಾದ ಇಂಡಿಯಾ ಬೈಕ್ ವೀಕ್‌ಗೆ ಹಲವು ಕಂಪನಿಗಳು ಬರುತ್ತವೆ. ಇವಕ್ಕೆಲ್ಲ ಟಿಕೆಟ್ ಉಂಟು, ಸಂಗೀತ, ಊಟ, ಜನಜಾತ್ರೆ ಎಲ್ಲಾ ಉಂಟು. ಹೋಗಿ ಖುಷಿಪಡಬೇಕಾದ ಜಾಗಗಳೇ. ಆದರೆ ಬೈಕ್ ಆರಿಸುವುದಕ್ಕೆ ನನ್ನ ಮತ ಡೀಲರ್‌ಗಳು ಸೇರಿ ಮಾಡುವ ಸಣ್ಣ ಕಾರ್ಯಕ್ರಮಗಳಿಗೆ. ಒಂದು ಭಾನುವಾರ ಬೆಳಗ್ಗೆ ಊರಾಚೆ ಯಾವುದಾದರೂ ಮೈದಾನದಲ್ಲೋ ರೆಸಾರ್ಟ್‌ನಲ್ಲೋ ನಾಲ್ಕೈದು ಡೆಮೊ ಬೈಕ್ ನಿಲ್ಲಿಸಿರುತ್ತಾರೆ. ಸಾಲು ಚಿಕ್ಕದು. ಎಂಟು ಗಂಟೆಗೇ ಹೋದರೆ ಅದೇ ಬೈಕನ್ನು ಎರಡನೇ ಸಲ ಕೇಳಿದರೂ ಕೊಡುತ್ತಾರೆ.

ಲೈಸೆನ್ಸ್ ಗೇರ್ ಇರುವ ಮೋಟಾರ್ ಸೈಕಲ್‌ದೇ ಆಗಿರಬೇಕು, ಎಲ್‌ಎಲ್ (ಕಲಿಕಾ ಲೈಸೆನ್ಸ್) ನಡೆಯುವುದಿಲ್ಲ. ಡಿಜಿಲಾಕರ್‌ನಲ್ಲಿ ಇದ್ದರೂ ಕಾರ್ಡ್ ಜೇಬಿನಲ್ಲಿರಲಿ, ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಹೆಲ್ಮೆಟ್ ನಿಮ್ಮದೇ ಒಯ್ಯಿರಿ. ಅಲ್ಲಿ ಕೊಡುವ ಹೆಲ್ಮೆಟ್ ಹತ್ತು ತಲೆ ದಾಟಿ ಬೆವರಿನಲ್ಲಿ ನೆಂದಿರುತ್ತದೆ, ಅಳತೆಯೂ ಸರಿ ಇರುವುದಿಲ್ಲ. ಸಡಿಲ ಹೆಲ್ಮೆಟ್ ಹಾಕಿಕೊಂಡು ಗಾಳಿ ಹೇಗೆ ಬಡಿಯುತ್ತದೆ ಅಂತ ತೀರ್ಮಾನಿಸಲು ಆಗುವುದಿಲ್ಲ. ಶೂ ದಿನಾ ಹಾಕುವಂಥದ್ದೇ ಇರಲಿ. ದಪ್ಪ ಅಟ್ಟೆಯ ರೈಡಿಂಗ್ ಬೂಟ್ ಹಾಕಿ ಎತ್ತರ ಪರೀಕ್ಷಿಸಿ, ಆಮೇಲೆ ಆಫೀಸ್ ಶೂನಲ್ಲಿ ಕಾಲು ನೆಲಕ್ಕೆ ಸಿಗದೆ ಒದ್ದಾಡುವುದು ಬೇಡ.

ಟೇಬಲ್ ಹತ್ತಿರ ಒಂದು ಫಾರಂಗೆ ಸಹಿ ಹಾಕಿಸುತ್ತಾರೆ. ಸಣ್ಣ ಅಕ್ಷರದ ಇಂಗ್ಲಿಷ್, ಹಿಂದೆ ಸಾಲು ನಿಂತಿರುತ್ತದೆ, ಯಾರೂ ಓದುವುದಿಲ್ಲ. ನೀವು ಓದಿ. ಬೈಕಿಗೆ ಹಾನಿಯಾದರೆ ಖರ್ಚು ಸವಾರನದ್ದು ಎಂಬ ಸಾಲು ಸಾಮಾನ್ಯವಾಗಿ ಅದರಲ್ಲಿರುತ್ತದೆ. "ಇನ್ಶೂರೆನ್ಸ್ ಇದೆಯಾ, ಬಿದ್ದರೆ ನಾನು ಹೆಚ್ಚೆಂದರೆ ಎಷ್ಟು ಕೊಡಬೇಕಾಗುತ್ತದೆ?" ಅಂತ ನೇರವಾಗಿ ಕೇಳಿ. ನನ್ನ ಪರಿಚಯದ ಹುಡುಗನೊಬ್ಬ ಮರಳಿನ ಮೇಲೆ ಜಾರಿ ಒಂದು ಡೆಮೊ ಬೈಕ್ ಬೀಳಿಸಿದ. ಬಾಗಿದ ಲಿವರ್, ಮುರಿದ ಇಂಡಿಕೇಟರ್ ಎರಡಕ್ಕೂ ದುಡ್ಡು ಕೊಟ್ಟೇ ಮನೆಗೆ ಬಂದ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಏನು ನೋಡಬೇಕು ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಒಂದೇ: ಬೈಕನ್ನು ನಿಧಾನಕ್ಕೆ ಓಡಿಸಿ ನೋಡಿ. ಎಲ್ಲರೂ ಡಾಂಬರು ರಸ್ತೆ ಸಿಕ್ಕ ಕೂಡಲೇ ಆಕ್ಸಿಲರೇಟರ್ ಕಿವುಚುತ್ತಾರೆ. ಈಗಿನ ಕಾಲದ 350–450 ಸಿಸಿ ಬೈಕುಗಳೆಲ್ಲ ನಮ್ಮ ರಸ್ತೆಗೆ ಬೇಕಾದಷ್ಟು ವೇಗ ಹೋಗುತ್ತವೆ, ಅದರಲ್ಲಿ ಪರೀಕ್ಷೆ ಮಾಡುವಂಥದ್ದು ಹೆಚ್ಚೇನಿಲ್ಲ. ಹಾಗೂ ಮುಂದೊಬ್ಬ ಮಾರ್ಷಲ್ (ಸವಾರರ ಜೊತೆಗಿರುವ ಮೇಲ್ವಿಚಾರಕ), ಹಿಂದೊಬ್ಬ ಮಾರ್ಷಲ್ ಇಟ್ಟು ಸಾಲಿನಲ್ಲಿ ಕರೆದೊಯ್ಯುತ್ತಾರೆ, ಓವರ್‌ಟೇಕ್ ಮಾಡಲು ಬಿಡುವುದಿಲ್ಲ. ನಿಮಗೂ ಬೈಕಿಗೂ ಹೊಂದುತ್ತದೋ ಇಲ್ಲವೋ ಅಂತ ಗೊತ್ತಾಗುವುದು ಗಂಟೆಗೆ ಇಪ್ಪತ್ತು ಕಿಲೋಮೀಟರ್‌ಗಿಂತ ಕೆಳಗೆ.

ಬೈಕ್ ಹತ್ತುವ ಮುನ್ನ ಎಂಜಿನ್ ಆಫ್ ಇರುವಾಗಲೇ ಪಕ್ಕದಲ್ಲಿ ನಿಂತು ಸೈಡ್ ಸ್ಟ್ಯಾಂಡ್‌ನಿಂದ ಎತ್ತಿ ನೇರ ಮಾಡಿ. ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ಸ್ವಲ್ಪ ಇಳಿಜಾರು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಮನೆ ಗೇಟಿನ ಇಳಿಜಾರಿನಲ್ಲಿ, ಆಫೀಸಿನ ಒತ್ತೊತ್ತಾದ ಪಾರ್ಕಿಂಗ್‌ನಲ್ಲಿ ದಿನಾ ಮಾಡುವ ಕೆಲಸ ಇದೇ. ಕ್ಲಾಸಿಕ್ 350 ಸುಮಾರು 195 ಕಿಲೋ, ಹಿಮಾಲಯನ್ 450 ಸುಮಾರು 196 ಕಿಲೋ. ಅಂಕಿ ನೋಡಿದರೆ ಎರಡೂ ಒಂದೇ ಭಾರ. ತಳ್ಳಿ ನೋಡಿದರೆ ಹಾಗನ್ನಿಸುವುದಿಲ್ಲ. ಭಾರ ಮೇಲಿದ್ದಷ್ಟೂ ಬೈಕ್ ವಾಲಿದಾಗ ಹಿಡಿಯುವುದು ಕಷ್ಟ, ಟ್ಯಾಂಕ್ ತುಂಬಿದ್ದರೆ ಮತ್ತೂ ಕಷ್ಟ. ಸ್ಪೀಡ್ 400 ಇವೆರಡಕ್ಕಿಂತ ಹಗುರ. ಆ ವ್ಯತ್ಯಾಸ ಕೈಗೆ ತಕ್ಷಣ ಗೊತ್ತಾಗುತ್ತದೆ.

ಎತ್ತರದ ವಿಷಯ ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯ. ಹಿಮಾಲಯನ್ 450ರ ಸೀಟು 825 ಮಿಲಿಮೀಟರ್, ಬೇಕಾದರೆ 845ಕ್ಕೆ ಏರಿಸಬಹುದು. ಕ್ಲಾಸಿಕ್‌ದು 805. ಬರೀ ಈ ಸಂಖ್ಯೆ ನೋಡಿ "ನನಗೆ ಆಗಲ್ಲ" ಅಂತ ಬಿಟ್ಟುಬಿಡಬೇಡಿ. ಸೀಟಿನ ಮುಂಭಾಗ ಎಷ್ಟು ಅಗಲ ಇದೆ, ನೀವು ಕೂತಾಗ ಸಸ್ಪೆನ್ಷನ್ ಎಷ್ಟು ಇಳಿಯುತ್ತದೆ, ಇವೆರಡೂ ಸೇರಿಯೇ ಕಾಲು ನೆಲಕ್ಕೆ ಎಟಕುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಒಂದು ಕಾರ್ಯಕ್ರಮದಲ್ಲಿ ನಾನು ಎತ್ತರದ ಅಡ್ವೆಂಚರ್ ಬೈಕಿನ ಮೇಲೆ ಎರಡೂ ಕಾಲಿನ ತುದಿಬೆರಳಲ್ಲಿ ತೂಗಾಡುತ್ತಿದ್ದಾಗ ಮಾರ್ಷಲ್ ಬಂದು, "ಮೇಡಂ, ಎರಡೂ ಕಾಲು ಊರೋದು ಬೇಡ. ಸೊಂಟ ಎಡಕ್ಕೆ ಜರುಗಿಸಿ, ಎಡಗಾಲು ಪೂರ್ತಿ ಊರಿ, ಬಲಗಾಲು ಬ್ರೇಕ್ ಮೇಲೇ ಇರಲಿ" ಅಂದರು. ಸೀಟಿನ ಅಂಚಿಗೆ ಅರ್ಧ ಅಂಗೈ ಅಗಲ ಜರುಗಿದೆ ಅಷ್ಟೆ, ಎಡ ಹಿಮ್ಮಡಿ ನೆಲಕ್ಕೆ ತಾಗಿತು, ಬೈಕ್ ಅಲುಗಾಡದೆ ನಿಂತಿತು. ಇಂಥದ್ದನ್ನು ಹೇಳಿಕೊಡುವವರು ಶೋರೂಮ್‌ನಲ್ಲಿ ಅಪರೂಪ. ಮಾರ್ಷಲ್‌ಗಳು ಹೆಚ್ಚಾಗಿ ಸ್ವತಃ ಓಡಿಸುವ ಹುಡುಗರು. ಅವರನ್ನು ಕೇಳಿ, ಬಿಡುವಿದ್ದರೆ ಪ್ರೀತಿಯಿಂದ ಹೇಳುತ್ತಾರೆ.

ಆಮೇಲೆ ಯೂ ಟರ್ನ್. ರೈಡ್ ಮುಗಿಸಿ ಮೈದಾನಕ್ಕೆ ಬಂದ ಮೇಲೆ, ಜಾಗ ಇದ್ದರೆ ಮಾರ್ಷಲ್‌ಗೆ ಹೇಳಿ, ಹಾಫ್ ಕ್ಲಚ್‌ನಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿ ಎಡಕ್ಕೊಂದು, ಬಲಕ್ಕೊಂದು ಸುತ್ತು ಹಾಕಿ. ಕಾಲು ಕೆಳಗಿಡದೆ ಬರುತ್ತದಾ? ಹ್ಯಾಂಡಲ್ ಹೊರಳಿದಾಗ ಆಚೆ ಕೈ ಎಟಕುತ್ತದಾ? ಚಾರ್ಮಾಡಿಯ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ನಿಮಗೆ ಬೇಕಾಗುವುದು ಇದೇ.

ಎಂಜಿನ್‌ನ ತಿರುಗಿಸುವ ಬಲ, ಅಂದರೆ ಟಾರ್ಕ್ ಬಗ್ಗೆಯೂ ಇದೇ ಲೆಕ್ಕದಲ್ಲಿ ಯೋಚಿಸಿ. ಕ್ಲಾಸಿಕ್ 350ರ ಗರಿಷ್ಠ ಟಾರ್ಕ್ 27 ನ್ಯೂಟನ್ ಮೀಟರ್, ಅದು 4000 ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಸಿಗುತ್ತದೆ. ಹಿಮಾಲಯನ್‌ದು 40, ಸಿಗುವುದು 5500ರಲ್ಲಿ. 2023ರಲ್ಲಿ ಬಂದ ಸ್ಪೀಡ್ 400ರದ್ದು 37.5, 6500ರಲ್ಲಿ. ಸ್ಪೀಡ್ 400 ಕೆಳಗಿನ ಆರ್‌ಪಿಎಂನಲ್ಲಿ ಸೋಮಾರಿ ಅಂತ ಇದರರ್ಥವಲ್ಲ, ಗರಿಷ್ಠ ಎಲ್ಲಿದೆ ಎಂಬುದಷ್ಟೇ ಈ ಅಂಕಿ. ಅದಕ್ಕೇ ಓಡಿಸಿ ನೋಡಿ ಅನ್ನುವುದು. ಮೂರನೇ ಗೇರ್‌ನಲ್ಲಿ ಮೂವತ್ತಕ್ಕೆ ಇಳಿಸಿ, ಗೇರ್ ಬದಲಾಯಿಸದೆ ನಿಧಾನಕ್ಕೆ ಆಕ್ಸಿಲರೇಟರ್ ಕೊಡಿ. ಎಂಜಿನ್ ಕಟಕಟ ಅನ್ನುತ್ತದಾ, ಸಲೀಸಾಗಿ ಎಳೆಯುತ್ತದಾ? ಇದನ್ನೇ ಮೂರೂ ಬೈಕಿನಲ್ಲಿ ಮಾಡಿ. ಶಿರಾಡಿಯಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಬೈಕ್ ಹೇಗಿರುತ್ತದೆ ಎಂಬುದು ಅಲ್ಲೇ ಅರ್ಧ ಗೊತ್ತಾಗುತ್ತದೆ.

ಡೆಮೊ ಬೈಕ್ ಹೊಸ ಬೈಕ್ ಥರ ಇರುವುದಿಲ್ಲ ಎಂಬುದು ನೆನಪಿರಲಿ. ಬೆಳಗ್ಗೆಯಿಂದ ಎಷ್ಟೋ ಜನ ಕ್ಲಚ್ ಎಳೆದು, ಬ್ರೇಕ್ ಗುದ್ದಿ, ಆಫ್‌ರೋಡ್ ಜಾಗ ಇದ್ದರೆ ಅಲ್ಲೂ ಕುಣಿಸಿರುತ್ತಾರೆ. ಕ್ಲಚ್ ಗಟ್ಟಿ ಅನ್ನಿಸಿದರೆ, ಚೈನ್ ಸದ್ದು ಮಾಡಿದರೆ, ಗೇರ್ ತಡವರಿಸಿದರೆ ಆ ಮಾಡೆಲ್‌ನ ದೋಷ ಅಂತ ಬರೆದುಕೊಳ್ಳಬೇಡಿ. ಓಡೋಮೀಟರ್ ನೋಡಿ, ಇನ್ನೊಂದು ಡೆಮೊ ಇದ್ದರೆ ಅದನ್ನೂ ಹತ್ತಿ. ಆದರೆ ಇದರಲ್ಲೊಂದು ಲಾಭವೂ ಇದೆ. ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಚೆನ್ನಾಗಿ ಕಾದಿರುತ್ತದೆ. ಆಗ ಒಂದೆರಡು ನಿಮಿಷ ನಿಂತಲ್ಲೇ ಆನ್ ಇಟ್ಟು ಕೂತು ನೋಡಿ. ರೇಡಿಯೇಟರ್ ಇರುವ ಬೈಕಿನಲ್ಲಿ ಅದರ ಫ್ಯಾನ್ ಶುರುವಾದಾಗ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದಾ, ಹೊರಗೆ ಹೋಗುತ್ತದಾ ಅಂತ ತಿಳಿಯುತ್ತದೆ. ಬೆಳಗಿನ ತಂಪಿನಲ್ಲಿ ಇದು ಗೊತ್ತಾಗುವುದಿಲ್ಲ. ಸಾಧ್ಯವಾದರೆ ಬೆಳಗ್ಗೆ ಒಂದು ಸಲ, ಬಿಸಿಲು ಏರಿದ ಮೇಲೆ ಒಂದು ಸಲ ಓಡಿಸಿ.

ಆಫ್‌ರೋಡ್ ಟ್ರ್ಯಾಕ್ ಇದ್ದರೆ ಭಯಪಡದೆ ಒಂದು ಸುತ್ತು ಹೋಗಿ, ನಿಂತುಕೊಂಡು ಓಡಿಸಿ ನೋಡಿ. ನಿಂತಾಗ ಹ್ಯಾಂಡಲ್ ಎಟಕದೆ ಬೆನ್ನು ಬಾಗಿದರೆ ಉದ್ದದ ಪ್ರಯಾಣದಲ್ಲಿ ತೊಂದರೆ ಕೊಡುತ್ತದೆ. ಅದರ ರುಚಿ ಹತ್ತಿದರೆ ಆಮೇಲೆ ಸರಿಯಾಗಿ ಕಲಿಯಬಹುದು. ಮರುಭೂಮಿ, ಕಲ್ಲುಗುಡ್ಡಗಳಲ್ಲಿ ಸಾಗುವ ಡಕಾರ್ ರ್‍ಯಾಲಿಯನ್ನು 2015ರಲ್ಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಹತ್ತಿರ ಬಿಗ್ ರಾಕ್ ಡರ್ಟ್‌ಪಾರ್ಕ್ ಅಂತ ತರಬೇತಿಯ ಜಾಗವನ್ನೇ ಶುರು ಮಾಡಿದರು. ನಮ್ಮ ರಾಜ್ಯದಲ್ಲಿ ಇಂಥದ್ದೊಂದು ಜಾಗ ಆಗಿದ್ದು ನನಗೆ ನಿಜವಾಗಿ ಹೆಮ್ಮೆಯ ವಿಷಯ.

ಇಂಥ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಆಗದ ಕೆಲಸ ಒಂದಿದೆ: ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಓಡಿಸುವುದು. ಬಹಳ ಕಡೆ ಪಿಲಿಯನ್‌ಗೆ ಬಿಡುವುದಿಲ್ಲ. ಆದರೂ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೈಕ್ ನಿಂತಿರುವಾಗ ಹತ್ತಿ ಕೂತು ನೋಡಲಿ. ಫುಟ್‌ರೆಸ್ಟ್ ಎಷ್ಟು ಮೇಲಿದೆ, ಹಿಡಿಯಲು ಏನಿದೆ, ಸೀರೆಯಲ್ಲೋ ಚೂಡಿದಾರದಲ್ಲೋ ಹತ್ತಿ ಇಳಿಯುವುದು ಹೇಗೆ, ಸೀರೆಗಾರ್ಡ್ ಹಾಕಿಸಿದರೆ ಕಾಲಿಡಲು ಜಾಗ ಉಳಿಯುತ್ತದಾ ಅಂತ ಅವರೇ ಹೇಳಲಿ. ನೀವು ಮೂರರಿಂದ ಎರಡಕ್ಕೆ ಇಳಿದ ಮೇಲೆ, ಆ ಎರಡಕ್ಕೆ ಮಾತ್ರ ಶೋರೂಮ್‌ನಲ್ಲಿ ಇನ್ನೊಂದು ರೈಡ್ ಕೇಳಿ, ಸೇಲ್ಸ್ ಹುಡುಗನ ಬದಲು ಹೆಂಡತಿಯನ್ನೇ ಕೂರಿಸಿಕೊಳ್ಳಿ. ಸಂಜೆ ಟ್ರಾಫಿಕ್ ಹೊತ್ತಿನಲ್ಲೇ ಹೋಗಿ. ಇಬ್ಬರು ಕೂತಾಗ ಹಂಪಿನ ಮೇಲೆ ಸಸ್ಪೆನ್ಷನ್ ತಳಕ್ಕೆ ಬಡಿದರೆ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಒಂದೆರಡು ಹಂತ ಏರಿಸಿ ಕೊಡಿ ಅಂತ ಕೇಳಿ, ಮತ್ತೆ ಓಡಿಸಿ ನೋಡಿ. ಮೈಸೂರಿನ ನನ್ನ ಗೆಳತಿ ಹೀಗೆ ಮಾಡಿಯೇ ಮೊದಲು ಇಷ್ಟಪಟ್ಟಿದ್ದ ಬೈಕ್ ಬಿಟ್ಟು ಇನ್ನೊಂದು ತೆಗೆದುಕೊಂಡಳು. ಹಿಂದೆ ಕೂತ ಅವಳ ಅಮ್ಮನಿಗೆ ಮೊದಲನೆಯದರಲ್ಲಿ ಸೊಂಟ ಹಿಡಿದುಕೊಂಡಿತ್ತು.

ಒತ್ತಡದ ಬಗ್ಗೆ ಕೇಳಿದ್ದಿರಿ. ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ, ಮಾರನೇ ದಿನದಿಂದ ಕರೆ ಬರುತ್ತವೆ, ಅಷ್ಟೆ. "ಈ ತಿಂಗಳ ಕೊನೆಗೆ ತಿಳಿಸುತ್ತೇನೆ" ಅಂತ ಒಂದೇ ಸಲ ಸ್ಪಷ್ಟವಾಗಿ ಹೇಳಿದರೆ ನಿಲ್ಲುತ್ತದೆ. "ಇವತ್ತು ಇಲ್ಲೇ ಬುಕ್ ಮಾಡಿದರೆ ಆಕ್ಸೆಸರಿ ಫ್ರೀ" ಅನ್ನುವ ಆಫರ್‌ಗಳಿಗೆ ಆ ಬಿಸಿಯಲ್ಲಿ ಮನಸೋಲಬೇಡಿ. ಬೆಲೆ ಕೇಳುವಾಗ ಎಕ್ಸ್ ಶೋರೂಮ್ ಬಿಟ್ಟು, ತೆರಿಗೆ, ನೋಂದಣಿ, ಇನ್ಶೂರೆನ್ಸ್ ಎಲ್ಲ ಸೇರಿದ ಹಾಸನದ ಆನ್‌ರೋಡ್ ಎಷ್ಟು ಅಂತಲೇ ಕೇಳಿ, ಕರ್ನಾಟಕದ ಜೀವಿತಾವಧಿ ತೆರಿಗೆ ಕಡಿಮೆ ಏನಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ತನಕದ ಬೈಕುಗಳಿಗೆ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ, ಅದಕ್ಕಿಂತ ದೊಡ್ಡವಕ್ಕೆ 40 ಆಗಿದೆ. ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಹೇಳಿರುವ ಬೆಲೆ ಇಟ್ಟುಕೊಂಡು ಕ್ಲಾಸಿಕ್‌ಗೂ ಹಿಮಾಲಯನ್‌ಗೂ ಹೋಲಿಕೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಎಂಬುದನ್ನೂ ಅಲ್ಲೇ ಕೇಳಿಕೊಳ್ಳಿ. ಅಷ್ಟಾದ ಮೇಲೂ ಅಲ್ಲೇ ಮುಂಗಡ ಕೊಡಬೇಕು ಅನ್ನಿಸಿದರೆ, ಬೇಡವೆಂದಾಗ ಎಷ್ಟು ದಿನದಲ್ಲಿ ದುಡ್ಡು ವಾಪಸ್, ಎಷ್ಟು ಕಡಿತ ಅಂತ ರಸೀದಿಯ ಮೇಲೆ ಬರೆಸಿ, ಸೀಲ್ ಹಾಕಿಸಿಕೊಂಡು ಬನ್ನಿ.